ಫುಟ್‌ಪಾತಲ್ಲಿ ಪತ್ತೇದಾರಿ ಬುಕ್ ತಗೊಳೋ ಮುಂಚೆ ಕೊನೇ ಹಾಳೆ ಇದ್ಯಾ ನೋಡ್ಕೊಳಿ

ಹೇಳ್ಕೊಳೋಕೆ ನಾಚಿಕೆ ಆಗುತ್ತೆ, ಆದ್ರೂ ಇನ್ನೊಬ್ರು ಹಿಂಗೆ ಬೀಳೋದು ಬೇಡ ಅಂತ ಬರೀತಿದೀನಿ. ಮೆಜೆಸ್ಟಿಕ್ ಹತ್ರ ಫುಟ್‌ಪಾತಲ್ಲಿ ಪ್ಲಾಸ್ಟಿಕ್ ಹಾಸ್ಕೊಂಡು ಬುಕ್ ಮಾರ್ತಾರಲ್ಲ, ಅಲ್ಲಿ ಆಂಟನಿ ಹೊರೊವಿಟ್ಸ್ ಬರೆದ 'ಮ್ಯಾಗ್ಪೈ ಮರ್ಡರ್ಸ್' 150 ರೂಪಾಯಿಗೆ ಸಿಕ್ತು. ಪೈರೇಟೆಡ್ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಹಾಳೆ ತೆಳು, ಅಕ್ಷರ ಒಂದು ಕಡೆ ಕಪ್ಪು ಇನ್ನೊಂದು ಕಡೆ ಬೂದು, ಕಟ್ಟಿಂಗ್ ಎಷ್ಟು ಕೆಟ್ಟದಾಗಿ ಮಾಡಿದಾರೆ ಅಂದ್ರೆ ಅರ್ಧ ಬುಕ್ಕಲ್ಲಿ ಕೆಳಗಿರೋ ಪೇಜ್ ನಂಬರೇ ಹಾರೋಗಿದೆ. ಕಥೆ ಓದೋಕೆ ನಂಬರ್ ಯಾಕೆ ಅಂದ್ಕೊಂಡೆ. ಅಲ್ಲೇ ಕೆಟ್ಟಿದ್ದು.

ಈ ಕಾದಂಬರಿ ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಇದು ಬುಕ್ ಒಳಗೆ ಬುಕ್. ಸೂಸನ್ ರೈಲ್ಯಾಂಡ್ ಅಂತ ಒಬ್ಬ ಎಡಿಟರ್, ಲಂಡನ್ನಲ್ಲಿ ಪ್ರಕಾಶಕರ ಹತ್ರ ಕೆಲಸ, ಅವಳ ಕೈಗೆ ಅಲನ್ ಕಾನ್ವೇ ಅನ್ನೋ ಫೇಮಸ್ ಲೇಖಕನ ಹೊಸ ಹಸ್ತಪ್ರತಿ ಬರುತ್ತೆ, ಅವಳು ಓದೋಕೆ ಕೂತ್ಕೋತಾಳೆ, ಅವಳ ಜೊತೆ ನಾವೂ ಕೂತ್ಕೋಬೇಕು. ಆ ಒಳಗಿನ ಕಥೆ 1955ರದ್ದು, ಇಂಗ್ಲೆಂಡಿನ ಒಂದು ಹಳ್ಳಿ, ದೊಡ್ಡ ಮನೆ ನೋಡ್ಕೊಳ್ತಿದ್ದ ಹೆಂಗಸು ಮೆಟ್ಟಿಲಿಂದ ಬಿದ್ದು ಸತ್ತಿರ್ತಾಳೆ, ಆಮೇಲೆ ಅದೇ ಮನೆ ಯಜಮಾನನ ತಲೆ ಕತ್ತಿಯಿಂದ ಹಾರುತ್ತೆ. ಪತ್ತೆ ಮಾಡೋಕೆ ಬರೋನು ಆಟಿಕಸ್ ಪುಂಡ್, ಅವನ ಹೆಸರು ಓದಿದಾಗೆಲ್ಲ ನಮ್ಮ 'ಪುಂಡ' ನೆನಪಾಗಿ ನಗು ಬರ್ತಿತ್ತು, ಪಾಪ ಮನುಷ್ಯ ಮಾತ್ರ ಭಾರಿ ಸಾಧು. ಒಳಗಿನ ಬುಕ್ಕಿಗೆ ಬೇರೆ ಟೈಟಲ್ ಪೇಜು, ಲೇಖಕರ ಪರಿಚಯ, ಹೊಗಳಿಕೆ ಎಲ್ಲ ಇದೆ. ಸರಿ, ಪುಂಡ್ ಇನ್ನೇನು ಬಾಯಿ ಬಿಡ್ತಾನೆ ಅನ್ನೋಷ್ಟರಲ್ಲಿ ಹಸ್ತಪ್ರತಿ ಕಟ್. ಕೊನೇ ಭಾಗವೇ ಇಲ್ಲ! ಅದು ಎಲ್ಲಿ ಹೋಯ್ತು, ಅದನ್ನ ಬರೆದ ಕಾನ್ವೇ ಹೆಂಗೆ ಸತ್ತ ಅಂತ ಸೂಸನ್ ಹುಡುಕೋದೇ ಉಳಿದರ್ಧ ಕಥೆ.

ಈಗ ನನ್ನ ಗತಿ ಕೇಳಿ. ಹೊರಗಿನ ಕಥೆ ಮುಗೀತು, ಕಾನ್ವೇ ಸಾವಿನ ಹಿಂದೆ ಯಾರು ಅಂತ ಗೊತ್ತಾಯ್ತು, ಒಳಗಿನ ಕೊಲೆಗಾರ ಯಾರು ಅಂತ ಗೊತ್ತಾಗ್ಲೇ ಇಲ್ಲ, ಬುಕ್ ಮುಗಿದೋಯ್ತು. ಬೇರೆ ಯಾವ ಪತ್ತೇದಾರಿ ಕಾದಂಬರಿ ಆಗಿದ್ರೂ ಹಾಳೆ ಬಿಟ್ಟೋಗಿದೆ ಅಂತ ಆಗ್ಲೇ ಡೌಟ್ ಬರ್ತಿತ್ತು, ಇಲ್ಲಿ ಹಾಳೆ ಕಳೆದೋಗೋದೇ ಕಥೆ ಆಗಿರೋದ್ರಿಂದ ಅದೇ ಸ್ಟೈಲ್ ಅಂದ್ಕೊಂಡುಬಿಟ್ಟೆ. ಇನ್ನೊಂದು ವಿಷಯ, ಒಳಗಿನ ಬುಕ್ಕಿನ ಭಾಗಗಳಿಗೆಲ್ಲ ಮ್ಯಾಗ್ಪೈ ಹಕ್ಕಿ ಎಣಿಸೋ ಇಂಗ್ಲಿಷ್ ಮಕ್ಕಳ ಪದ್ಯದ ಸಾಲುಗಳೇ ಹೆಸರು, ಒಂದು ಕಂಡ್ರೆ ದುಃಖ, ಎರಡು ಕಂಡ್ರೆ ಖುಷಿ ಅಂತ, ಏಳನೇದು ಯಾರಿಗೂ ಹೇಳಬಾರದ ಗುಟ್ಟು. ಆ ಪದ್ಯ ನಂಗೆ ಮೊದಲೇ ಗೊತ್ತಿತ್ತು. ಅಲ್ಲಿಗೆ ತೀರ್ಮಾನ ಮಾಡ್ಬಿಟ್ಟೆ: ಗುಟ್ಟು ಹೇಳಬಾರದಲ್ವಾ, ಅದಕ್ಕೇ ಲೇಖಕ ಬೇಕಂತಲೇ ಹೇಳಿಲ್ಲ, ಎಂಥ ತಲೆ!

ಎರಡು ವಾರ ಆಫೀಸಲ್ಲಿ ಊಟದ ಟೈಮಲ್ಲಿ ಇದೇ ಭಾಷಣ. ಉತ್ತರ ಕೊಡದೇ ಇರೋದೇ ದೊಡ್ಡ ಕಲೆ, ಓದುಗನ್ನ ನಂಬಿ ಬಿಟ್ಟಿದಾನೆ, ಅದೂ ಇದೂ. ಸಾಗರದ ಕಡೆಯ ಫ್ರೆಂಡ್ ಒಬ್ಬ ಸುಮ್ನೆ ಕೇಳಿಸ್ಕೊಂಡು, ಕೊನೆಗೆ "ನೀ ಯಾವ ಬುಕ್ ಓದಿದ್ದು ಮಾರಾಯ? ಏಳನೇ ಭಾಗ ಕೊನೇಲಿ ಪೂರ್ತಿ ಹಾಕಿದಾರಲ್ಲ" ಅಂದ. ಎಲ್ರೂ ನಕ್ಕಿದ್ದು ಇನ್ನೂ ಕಿವೀಲಿದೆ.

ವಾಪಸ್ ಹೋಗಿ ಅಂಗಡಿಯವನ್ನ ಕೇಳಿದೆ. "ಹಂಗಾದ್ರೆ ಬೇರೆ ಪೀಸ್ ತಗೊಳಿ ಸಾರ್" ಅಂತ ಇನ್ನೊಂದು ಕೊಟ್ಟ. ಅದ್ರಲ್ಲೂ ಅಲ್ಲೇ ಕಟ್. ಎಲ್ಲಾ ಒಂದೇ ಮೂಲದಿಂದ ಹೊಡೆದಿರ್ತಾರೆ, ಒಂದ್ರಲ್ಲಿ ಹಾಳೆ ಇಲ್ಲ ಅಂದ್ರೆ ರಾಶೀಲಿರೋ ಯಾವುದ್ರಲ್ಲೂ ಇರಲ್ಲ, ಇದು ಗೊತ್ತಿರ್ಲಿ. ದುಡ್ಡು ವಾಪಸ್ ಕೇಳಿದ್ರೆ "ಓದಿ ಮುಗಿಸಿದೀರಲ್ಲ ಸಾರ್" ಅಂತಾನೆ. ಏನು ಹೇಳ್ತೀರ ಇದಕ್ಕೆ. ಕದ್ದ ಮಾಲು ತಗೊಂಡೋನು ನಾನು, ಜೋರು ಮಾಡೋಕೂ ಬಾಯಿಲ್ಲ.

ಆಮೇಲೆ ಅಂಗಡಿಯಿಂದ ಒರಿಜಿನಲ್ ತಂದು ಏಳನೇ ಭಾಗ ಓದಿದೆ. ನನ್ನ ಅಭಿಪ್ರಾಯ ಕೇಳಿದ್ರೆ ಒಳಗಿನ ಹಳ್ಳಿ ಕಥೆಯೇ ಹೊರಗಿನದಕ್ಕಿಂತ ಗಟ್ಟಿ, ಸೂಸನ್ ಭಾಗ ನಡುವೆ ಸ್ವಲ್ಪ ಎಳೀತಾರೆ, ಕಾನ್ವೇ ತನಗೆ ಗೊತ್ತಿದ್ದೋರನ್ನೆಲ್ಲ ಹೆಸರು ತಿರುಚಿ ಕಥೆಗೆ ಹಾಕಿರೋದು ಒಂದೊಂದೇ ಬಿಚ್ಕೊಳೋವಾಗ ಮಾತ್ರ ಮಜಾ. ಸುಳಿವುಗಳು ಎಲ್ಲ ಕಣ್ಣೆದುರೇ ಇದ್ವು, ನಾನು ಕಣ್ಣಿಟ್ಟಿದ್ದು ತಪ್ಪು ಮನುಷ್ಯನ ಮೇಲೆ. 2022ರಲ್ಲಿ ಆರು ಎಪಿಸೋಡಿನ ಟೀವಿ ಸೀರೀಸ್ ಬಂತಲ್ಲ, ಅದ್ರಲ್ಲಿ ಎರಡೂ ಕಥೆ ಹೆಣೆದು ತೋರಿಸ್ತಾರೆ, ಓದೋ ಮುಂಚೆ ನೋಡ್ಬೇಡಿ.

ಮೊನ್ನೆ ತಂಗಿ ಬಂದು ಆ ಫುಟ್‌ಪಾತ್ ಕಾಪಿ ತಗೊಂಡ್ಲು. "ಅದು ಬೇಡ ಕಣೇ, ಕೊನೇ ಭಾಗ ಇಲ್ಲ" ಅಂದೆ. "ಗೊತ್ತು ಬಿಡು ಅಣ್ಣಾ, ಅದೇ ಅಲ್ವಾ ಕಥೆ" ಅಂತ ಬ್ಯಾಗಿಗೆ ಹಾಕ್ಕೊಂಡು ಹೋದ್ಲು.