ಗಿಡ್ಡ ಡೇರೆ: ನರ್ಸರಿ ಚೀಲ, ಬೀಜದ ಪೊಟ್ಟಣ, ಗಡ್ಡೆ – ಯಾವುದಕ್ಕೆ ದುಡ್ಡು ಕೊಡಬೇಕು?

ಮಲೆನಾಡಿನವರ ಡೇರೆ, ಬೆಂಗಳೂರಿನ ನರ್ಸರಿಯವರ ಡೇಲಿಯಾ, ಎರಡೂ ಒಂದೇ. ಆದರೆ ಶಿರಸಿ, ಸಾಗರದ ಅಂಗಳಗಳಲ್ಲಿ ಮಳೆಗಾಲಕ್ಕೆ ಆಳೆತ್ತರ ಎದ್ದು, ಗೂಟಕ್ಕೆ ಕಟ್ಟಿಸಿಕೊಂಡು, ತಟ್ಟೆಯಗಲದ ಹೂ ಬಿಡುವ ಹಳೆಯ ಡೇರೆಯ ಮಾತಲ್ಲ ಇದು. ಮೊಣಕಾಲಿಗಿಂತ ಕೆಳಗೇ ನಿಂತು, ಗೂಟ ಬೇಡದೆ, ಬಾಲ್ಕನಿಯ ಕುಂಡಕ್ಕೂ ಪಾತಿಯ ಅಂಚಿಗೂ ಒಗ್ಗುವ ಗಿಡ್ಡ ಡೇರೆಯ ಮಾತು. ಅದು ಮೂರು ರೂಪದಲ್ಲಿ ಸಿಗುತ್ತದೆ: ಹೂ ಬಿಟ್ಟ ನರ್ಸರಿ ಗಿಡ, ಬೀಜದ ಪೊಟ್ಟಣ, ಹೆಸರಿರುವ ತಳಿಯ ಗಡ್ಡೆ. ಮೂರನ್ನೂ ಗಿಡ್ಡ ಎಂದೇ ಮಾರುತ್ತಾರೆ. ಗಿಡ್ಡತನ ತಳಿಯಲ್ಲಿದೆಯೋ ಔಷಧದಲ್ಲಿದೆಯೋ ಎಂದು ನೋಡದೆ ಕೊಂಡರೆ ಮೋಸ ಹೋಗುವುದು ಸುಲಭ.

ನರ್ಸರಿ ಗಿಡದಿಂದಲೇ ಶುರುಮಾಡೋಣ, ಹೆಚ್ಚು ಜನ ಕೊಳ್ಳುವುದು ಅದನ್ನೇ. ಚಳಿಗಾಲ ಬಂತೆಂದರೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಗಿಡ, ತಲೆಯ ಮೇಲೆ ಮೂರು ನಾಲ್ಕು ಹೂವು. ಕುಂಡದ ಡೇಲಿಯಾವನ್ನು ಕುಳ್ಳಗಿಡಲು ಪ್ಯಾಕ್ಲೋಬ್ಯುಟ್ರಜಾಲ್‌ನಂಥ ಬೆಳವಣಿಗೆ ತಡೆಯುವ ಔಷಧ ಬಳಸುವುದು ಹೂಗಿಡದ ಉದ್ಯಮದಲ್ಲಿ ಮಾಮೂಲು. ಅದೇನೂ ಅಪರಾಧವಲ್ಲ, ಆದರೆ ಔಷಧದ ಬಲ ಇಳಿದ ಮೇಲೆ ಬರುವ ಚಿಗುರು ತನ್ನ ನಿಜವಾದ ಎತ್ತರಕ್ಕೇ ಹೋಗುತ್ತದೆ. ಗುರುತಿಸುವುದು ಹೀಗೆ: ಎಲೆ ಅತಿಯಾದ ಕಡುಹಸಿರಾಗಿ, ದಪ್ಪಗಿದ್ದು, ಗೆಣ್ಣುಗಳು ಒಂದರ ಮೇಲೊಂದು ಕೂತಂತೆ ಒತ್ತಾಗಿದ್ದರೆ ಅನುಮಾನಪಡಿ. ಅದೇ ಗಿಡದ ಹೊಸ ಕವಲಿನಲ್ಲಿ ಗೆಣ್ಣಿನ ಅಂತರ ಒಮ್ಮೆಲೇ ಉದ್ದವಾಗಿದ್ದರೆ ಅನುಮಾನ ಹೆಚ್ಚುಕಡಿಮೆ ಖಾತ್ರಿ.

ಇನ್ನೊಂದು ತೊಂದರೆ ಚೀಲದ ಒಳಗಿನದ್ದು. ಬರೀ ಜಿಗುಟು ಕೆಮ್ಮಣ್ಣಿನ ಉಂಡೆಯನ್ನು ತಂದು ಸಡಿಲ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣದಲ್ಲಿಟ್ಟರೆ, ಸುತ್ತಲಿನ ಮಿಶ್ರಣ ಒದ್ದೆಯಾಗಿರುತ್ತದೆ, ನಡುವಿನ ಉಂಡೆ ಕಲ್ಲಿನಂತೆ ಒಣಗಿರುತ್ತದೆ. ದಿನಾ ನೀರು ಹಾಕಿದರೂ ಗಿಡ ಬಾಡಿತು ಎನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ನೆಡುವ ಮೊದಲು ಉಂಡೆಯನ್ನು ಹತ್ತು ನಿಮಿಷ ಬಕೆಟ್ ನೀರಿನಲ್ಲಿ ಮುಳುಗಿಸಿ, ತಳದ ಒಂದು ಅಂಗುಲ ಮಣ್ಣನ್ನು ಬೆರಳಿನಿಂದ ಸಡಿಲಿಸಿ. ಹೂ ತುಂಬಿದ ಗಿಡಕ್ಕಿಂತ ಒಂದು ಹೂ, ನಾಲ್ಕಾರು ಮೊಗ್ಗು ಇರುವ ಗಿಡ ಆರಿಸಿ. ಹಬ್ಬಕ್ಕೆ ಬಾಗಿಲಲ್ಲಿ ಒಂದು ತಿಂಗಳು ಅಂದವಾಗಿ ಇದ್ದರೆ ಸಾಕು ಎನ್ನುವವರಿಗೆ ನರ್ಸರಿ ಗಿಡ ಸರಿ. ಪಾತಿಯ ಅಂಚಿಗೆ ಸಾಲು ಹಿಡಿಸುವವರಿಗೆ ಬೇಡ.

ನಮ್ಮ ಮೊದಲ ಶಿಫಾರಸು ಬೀಜಕ್ಕೆ. ಫಿಗರೊ ಸರಣಿ 30ರಿಂದ 40 ಸೆಂಟಿಮೀಟರಿಗೆ ನಿಲ್ಲುತ್ತದೆ, ಡಬಲ್ (ಎಸಳು ಹಲವು ಸುತ್ತಿರುವ) ಮತ್ತು ಅರೆ ಡಬಲ್ ಹೂವು, ಯಾವ ಔಷಧವೂ ಬೇಡ. ಹಾರ್ಲೆಕ್ವಿನ್ ಎಂಬ ಇನ್ನೊಂದು ಬೀಜದ ತಳಿಯ ಹೂವಿನಲ್ಲಿ ಹೊರ ಎಸಳಿಗೊಂದು ಬಣ್ಣ, ಒಳ ಎಸಳಿಗೆ ಇನ್ನೊಂದು. ಸುಮಾರು 100 ಬೀಜಕ್ಕೆ ಒಂದು ಗ್ರಾಂ ತೂಕ ಬರುತ್ತದೆ, ಹಾಗಾಗಿ ಪೊಟ್ಟಣದ ಮೇಲೆ ಗ್ರಾಂ ಇದೆಯೋ ಬೀಜದ ಎಣಿಕೆ ಇದೆಯೋ ನೋಡಿ ಬೆಲೆ ಹೋಲಿಸಿ. ಆನ್‌ಲೈನ್‌ನಲ್ಲಿ ನೀಲಿ ಡೇಲಿಯಾದ ಚಿತ್ರ ಹಾಕಿರುವ ಅಂಗಡಿಯಿಂದ ಬೇರೆ ಬಣ್ಣದ್ದನ್ನೂ ಕೊಳ್ಳಬೇಡಿ. ಅಚ್ಚ ನೀಲಿ ಡೇಲಿಯಾದ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವುದೆಲ್ಲ ನೇರಳೆ, ಉಳಿದದ್ದು ಕಂಪ್ಯೂಟರಿನ ಕೈವಾಡ.

ಬೆಂಗಳೂರು, ಮೈಸೂರಿನ ಕಡೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಬಿತ್ತಿ. ಎರಡು ಪಾಲು ಕೊಕೊಪೀಟ್, ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ, ಮೇಲೆ ಅರ್ಧ ಸೆಂಟಿಮೀಟರ್ ಮುಚ್ಚಿಗೆ. 50 ಗುಳಿಯ ಟ್ರೇ ಒಳ್ಳೆಯದು. 98 ಗುಳಿಯದರಲ್ಲಿ ಬೇರು ಬೇಗ ಸುತ್ತಿಕೊಳ್ಳುತ್ತದೆ. 7ರಿಂದ 14 ದಿನಕ್ಕೆ ಮೊಳಕೆ. ಸಸಿ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಲಗಿದರೆ ಅದು ಅತಿ ನೀರಿನ ಫಲ. ಮೇಲ್ಪದರದ ಬಣ್ಣ ತಿಳಿಯಾದ ಮೇಲೆ ಮಾತ್ರ ಟ್ರೇಯ ತಳದಿಂದ ನೀರು ಕುಡಿಸಿ. ಕಾಗದದಂತೆ ನಯವಾದ ಮೊಳಕೆಯೆಲೆ ಬಿಟ್ಟು ಎರಡು ಜೊತೆ ನಿಜವಾದ ಎಲೆ ಬಂದಾಗ ಎತ್ತಿ ನೆಡಬಹುದು. ಬಿತ್ತಿದ 11ರಿಂದ 13 ವಾರಕ್ಕೆ ಹೂವು.

ಬೀಜದ ಕೊರತೆಯನ್ನೂ ಹೇಳಿಬಿಡಬೇಕು. ಬಣ್ಣ ಆರಿಸುವಂತಿಲ್ಲ, ಕೆಲವು ಗಿಡ ಒಂಟಿ ಸುತ್ತಿನ ಹೂವನ್ನೇ ಕೊಡುತ್ತವೆ. ಡಿಸೆಂಬರ್ ಹೊತ್ತಿಗೆ ಡಬಲ್ ಹೂವೂ ನಡುವೆ ಹಳದಿ ಕಣ್ಣು ತೋರಿಸಿದರೆ ಪೊಟ್ಟಣವನ್ನು ಬೈಯಬೇಡಿ. ಬೆಂಗಳೂರಿನಲ್ಲಿ ಆಗ ಹಗಲು ಹನ್ನೊಂದೂವರೆ ಗಂಟೆಗಿಂತ ಕಡಿಮೆ. ಹಗಲು ಕುಗ್ಗಿದರೆ ಡೇಲಿಯಾ ಎಸಳಿನ ಸುತ್ತು ಕಡಿಮೆ ಮಾಡಿ, ತಾನು ಕೂಡಿಟ್ಟದ್ದನ್ನು ಗಡ್ಡೆಗೆ ಇಳಿಸುತ್ತದೆ. ನವೆಂಬರ್‌ನಲ್ಲಿ ಬಿತ್ತಿದವರಿಗೆ ಹೂವಿಗಿಂತ ಗಡ್ಡೆಯೇ ಚೆನ್ನಾಗಿ ಸಿಗುವುದು ಇದಕ್ಕೇ.

ಗಡ್ಡೆಯಲ್ಲಿ ಹೆಸರು ಮಾಡಿರುವುದು ನೆದರ್ಲೆಂಡ್ಸ್‌ನ ಗ್ಯಾಲರಿ ಸರಣಿ. ಆರ್ಟ್ ಡೆಕೊ, ರೆಂಬ್ರಾಂಟ್, ಪಾಬ್ಲೊ, ಸಿಂಗರ್ ಹೀಗೆ ಕಲೆಯ ಲೋಕದ ಹೆಸರುಗಳು. ಕುಂಡಕ್ಕೆಂದೇ ಬೆಳೆಸಿದ ತಳಿ, ತುಂಬು ಡಬಲ್, ಗಟ್ಟಿ ಕಾಂಡ, ಎತ್ತರ ಸುಮಾರು ಒಂದೂಕಾಲು ಅಡಿ. ಬಣ್ಣ ಇಂಥದ್ದೇ ಬೇಕು ಎನ್ನುವವರಿಗೆ ಇದೇ ದಾರಿ, ಬೆಲೆ ಮಾತ್ರ ಬೀಜದ ಹತ್ತಿರಕ್ಕೂ ಬರುವುದಿಲ್ಲ. ಪಾರ್ಸೆಲ್ ಬಿಚ್ಚಿದ ಕೂಡಲೇ ಗಡ್ಡೆಯ ಕುತ್ತಿಗೆ ನೋಡಿ. ಡೇರೆಯ ಕಣ್ಣು ಆಲೂಗಡ್ಡೆಯ ಹಾಗೆ ಮೈಮೇಲೆಲ್ಲ ಇರುವುದಿಲ್ಲ. ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯ ಬುಡದಲ್ಲಷ್ಟೇ ಇರುತ್ತದೆ. ಕುತ್ತಿಗೆ ಮುರಿದ, ಕಾಂಡದ ಚೂರಿಲ್ಲದ ಒಂಟಿ ಬೆರಳಿನಂಥ ಗಡ್ಡೆ ಎಷ್ಟೇ ದಪ್ಪಗಿರಲಿ, ಚಿಗುರುವುದಿಲ್ಲ. ಅದನ್ನು ಫೋಟೋ ತೆಗೆದು ಅಂದೇ ವಾಪಸ್ ಕೇಳಿ. ಸುಕ್ಕುಗಟ್ಟಿದ್ದಕ್ಕೆ ಹೆದರಬೇಕಾಗಿಲ್ಲ, ಒತ್ತಿದರೆ ಮೆತ್ತಗಾಗಿ ವಾಸನೆ ಬಂದರೆ ಮಾತ್ರ ಎಸೆಯಿರಿ. ನೆಡುವಾಗ ಅಡ್ಡ ಮಲಗಿಸಿ, ಕಣ್ಣು ಮೇಲಿರಲಿ, ಐದು ಸೆಂಟಿಮೀಟರ್ ಮಣ್ಣು ಸಾಕು. ಒಮ್ಮೆ ತೇವ ಮಾಡಿದ ಮೇಲೆ ಚಿಗುರು ಕಾಣುವ ತನಕ ಕೈ ಕಟ್ಟಿ ಕೂರಬೇಕು. ಬೇರಿಲ್ಲದ ಗಡ್ಡೆಗೆ ದಿನಾ ನೀರು ಹಾಕಿದರೆ ಕೊಳೆಯದೆ ಇನ್ನೇನಾದೀತು?

ಒಂದು ಗಿಡಕ್ಕೆ 10 ಇಂಚಿನ ಕುಂಡ. ಕೆಮ್ಮಣ್ಣು ಮೂರು, ಹಳೆಯ ಕೊಟ್ಟಿಗೆ ಗೊಬ್ಬರ ಮೂರು, ಕೊಕೊಪೀಟ್ ಎರಡು, ದಪ್ಪ ಮರಳು ಎರಡು ಪಾಲು, ಮೇಲೆ 50 ಗ್ರಾಂ ಬೇವಿನ ಹಿಂಡಿ. ಅಡಿಯಲ್ಲಿ ತಟ್ಟೆ ಇಟ್ಟು ನೀರು ನಿಲ್ಲಿಸಬೇಡಿ. ಬೆಳಗಿನ ಬಿಸಿಲು ಐದಾರು ಗಂಟೆ ಬೇಕು. ಬಿಸಿಲು ಸಾಲದಿದ್ದರೆ ಗಿಡ್ಡ ತಳಿಯೂ ಸೊರಗಿ ಉದ್ದವಾಗುತ್ತದೆ. ಮೂರು ಜೊತೆ ಎಲೆ ಬಂದಾಗ ಕುಡಿ ಒಮ್ಮೆ ಚಿವುಟಿ. ಎರಡನೇ ಸಲ ಗಿಡ್ಡ ತಳಿಗೆ ಬೇಕಿಲ್ಲ. ಮೊಗ್ಗು ಕಾಣುವವರೆಗೆ 15 ದಿನಕ್ಕೊಮ್ಮೆ ಲೀಟರಿಗೆ 2 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ), ಆಮೇಲೆ ಅಷ್ಟೇ ಪ್ರಮಾಣದಲ್ಲಿ 0:0:50 (ಮೂರರಲ್ಲಿ ಪೊಟ್ಯಾಷ್ ಮಾತ್ರ ಇರುವುದು). ಯೂರಿಯಾ ಕೊಟ್ಟರೆ ಪಲ್ಯಕ್ಕಾಗುವಷ್ಟು ಸೊಪ್ಪು, ಹೂವಿಲ್ಲ.

ಬಾಡಿದ ಹೂ ತೆಗೆಯುವಾಗ ಹೊಸಬರು ಮೊಗ್ಗನ್ನೇ ಕತ್ತರಿಸಿಬಿಡುತ್ತಾರೆ. ಮೊಗ್ಗು ಗುಂಡಗೆ, ಗಟ್ಟಿ. ಎಸಳು ಉದುರಿದ್ದು ಚೂಪಗೆ, ಒತ್ತಿದರೆ ಮೆತ್ತಗೆ. ಹೂವಿನ ಕತ್ತನ್ನಷ್ಟೇ ಮುರಿದು ಬಿಡದೆ ಕೆಳಗಿನ ಎಲೆಜೋಡಿಯವರೆಗೆ ಕತ್ತರಿಸಿ.

ಒಣ ಹವೆಯಲ್ಲಿ ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ನಿಲ್ಲದಿದ್ದರೆ ಲೀಟರಿಗೆ 2 ಗ್ರಾಂ ನೀರಲ್ಲಿ ಕರಗುವ ಗಂಧಕ. ಬೂದಿ ರೋಗಕ್ಕೂ ಅದೇ. ಆದರೆ ಬೇವಿನೆಣ್ಣೆ ಸಿಂಪಡಿಸಿ ಎರಡು ವಾರ ಆಗಿರಬೇಕು, ಬಿಸಿಲು 32 ಡಿಗ್ರಿ ದಾಟಿರಬಾರದು. ಇಲ್ಲದಿದ್ದರೆ ಎಲೆ ಸುಟ್ಟುಹೋಗುತ್ತದೆ. ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಕೈಯಲ್ಲಿ ಆರಿಸುವುದೇ ಲೇಸು. ಅಂಗಡಿಯ ಮೆಟಾಲ್ಡಿಹೈಡ್ ಕಾಳು ನಾಯಿಗೂ ವಿಷ.

ಪಾತಿಯ ಅಂಚಿನಲ್ಲಿ ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಡಿ. ಮಲೆನಾಡಿನವರಿಗೆ ಒಂದು ಎಚ್ಚರಿಕೆ: ಜೂನ್‌ನಲ್ಲಿ ಹಳೆಯ ಡೇರೆಯ ಜೊತೆಗೇ ಇದನ್ನೂ ಅಂಗಳಕ್ಕೆ ಹಾಕಬೇಡಿ. ಎತ್ತರದ ಡೇರೆ ಮಳೆಯನ್ನು ತಡೆದುಕೊಳ್ಳುತ್ತದೆ. ನೆಲಕ್ಕಂಟಿದ ಈ ಗಿಡಕ್ಕೆ ಕೆಸರು ಸಿಡಿದು, ಒತ್ತೆಲೆಗಳ ನಡುವೆ ಗಾಳಿಯಾಡದೆ, ನೀರು ತುಂಬಿದ ಡಬಲ್ ಹೂ ಅಲ್ಲೇ ಕೊಳೆಯುತ್ತದೆ. ಮಾಡಿನ ಹನಿ ಬೀಳದ ಜಗಲಿಯಂಚಿನ ಕುಂಡವಾದರೆ ಸರಿ, ಅಂಗಳಕ್ಕಾದರೆ ಮಳೆಯ ಜೋರು ಕಡಿಮೆಯಾದ ಮೇಲೆ.

ಬೀಜದಿಂದ ಬಂದ ಗಿಡವೂ ಮೊದಲ ವರ್ಷವೇ ಗಡ್ಡೆ ಕಟ್ಟುತ್ತದೆ, ಅದು ಮುಂದಿನ ವರ್ಷ ಅದೇ ಬಣ್ಣ ಕೊಡುತ್ತದೆ. ಹಾಗಾಗಿ ಮೆಚ್ಚಿದ ಗಿಡಕ್ಕೆ ಹೂವಿರುವಾಗಲೇ ಬುಡದಲ್ಲಿ ಅದೇ ಬಣ್ಣದ ದಾರ ಕಟ್ಟಿ. ಕಾಂಡ ಒಣಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಗಡ್ಡೆಯನ್ನು ಕುತ್ತಿಗೆ ಮುರಿಯದಂತೆ ಗೊಂಚಲಾಗಿಯೇ ಎತ್ತಿ, ನೆರಳಿನಲ್ಲಿ ಆರಿಸಿ, ಒಣ ಮರಳಿನಲ್ಲಿ ಹೂತಿಡಿ. ದಾರ ಬಿಚ್ಚಬೇಡಿ.