ಟ್ರಯಾಂಗಲ್: ಮಳೆಗಾಲದ ರಜೆಯಲ್ಲಿ ನೋಡಿದ ಕಡಲ ದೆವ್ವದ ಸಿನಿಮಾ

ಸಮುದ್ರದ ಮೇಲೆ ನಡೆಯುವ ದೆವ್ವದ ಸಿನಿಮಾ ಹಾಕಿದರೆ ನನ್ನ ಕಣ್ಣು ಮೊದಲು ಹೋಗುವುದು ದೋಣಿಯ ಮೇಲೆ. ಹಗ್ಗ ಹೇಗೆ ಕಟ್ಟಿದ್ದಾರೆ, ವಯರ್‌ಲೆಸ್ ಇದೆಯಾ, ಒಬ್ಬನಾದರೂ ಲೈಫ್ ಜಾಕೆಟ್ ಹಾಕಿದ್ದಾನಾ. ದೆವ್ವ ಆಮೇಲೆ. ನಮ್ಮದು ಮಲ್ಪೆ. ಅಣ್ಣ ಟ್ರಾಲ್ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವನು, ನಾನು ಬಂದರಿನ ಹತ್ತಿರ ಬೋಟಿನ ಡೀಸೆಲ್ ಎಂಜಿನ್ ರಿಪೇರಿ ಮಾಡುವವನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ವಾ, ಆಗ ಹಗಲೆಲ್ಲ ನನಗೆ ಎಂಜಿನ್ ಬಿಚ್ಚುವ ಕೆಲಸ ಜಾಸ್ತಿ. ರಾತ್ರಿ ಮಾತ್ರ ಬಿಡುವು. ಅಣ್ಣನೂ ಮನೆಯಲ್ಲೇ ಇರುತ್ತಾನೆ. ಊಟ ಆದ ಮೇಲೆ ಮೂರೂ ಜನ, ಅಂದರೆ ನಾನು, ಅಣ್ಣ, ಅತ್ತಿಗೆ, ಏನಾದರೊಂದು ಹಾಕಿಕೊಂಡು ಕೂರುತ್ತೇವೆ. ಈ ಸಲ ಹಾಕಿದ್ದು ‘ಟ್ರಯಾಂಗಲ್’.

ಇದು 2009ರ ಇಂಗ್ಲಿಷ್ ಸಿನಿಮಾ. ಬರೆದು ನಿರ್ದೇಶಿಸಿದ್ದು ಬ್ರಿಟನ್ನಿನ ಕ್ರಿಸ್ಟೋಫರ್ ಸ್ಮಿತ್. ಕಥೆ ನಡೆಯುವುದು ಅಮೆರಿಕದ ಫ್ಲೋರಿಡಾದಲ್ಲಿ, ಚಿತ್ರೀಕರಣ ನಡೆದಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ. ನಟರೂ ಹೆಚ್ಚಿನವರು ಆಸ್ಟ್ರೇಲಿಯಾದವರೇ. ಆಮೇಲೆ ಹಾಲಿವುಡ್‌ನಲ್ಲಿ ದೊಡ್ಡ ಹೆಸರು ಮಾಡಿದ ಲಿಯಾಮ್ ಹೆಮ್ಸ್‌ವರ್ತ್ ಇಲ್ಲಿ ಇನ್ನೂ ಹುಡುಗ, ದೋಣಿಯಲ್ಲಿ ಕೈಯಾಳು. ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಡಿಲ್ಲ, ಎಳೆದಾಟ ಇಲ್ಲ.

ಜೆಸ್ ಅನ್ನುವ ಒಬ್ಬ ತಾಯಿ. ಗಂಡ ಜೊತೆಗಿಲ್ಲ. ಆಟಿಸಂ ಇರುವ ಒಬ್ಬ ಸಣ್ಣ ಮಗ. ಹೋಟೆಲಿನಲ್ಲಿ ಬಡಿಸುವ ಕೆಲಸ. ಅಲ್ಲಿ ಪರಿಚಯವಾದ ಗ್ರೆಗ್ ಎಂಬವನು ಒಂದು ಶನಿವಾರ ತನ್ನ ಹಾಯಿದೋಣಿಯಲ್ಲಿ ಸುತ್ತಾಡಲು ಕರೆಯುತ್ತಾನೆ. ಅವನ ಗೆಳತಿ ಸ್ಯಾಲಿ, ಅವಳ ಗಂಡ ಡೌನಿ, ಸ್ಯಾಲಿ ಜೊತೆಗೆ ಕರೆದುಕೊಂಡು ಬಂದ ಹೆದರ್, ಕೈಯಾಳು ವಿಕ್ಟರ್. ಒಟ್ಟು ಆರು ಜನ. ಜೆಸ್ ಮುಖದಲ್ಲಿ ಮೊದಲಿಂದಲೂ ಏನೋ ಸರಿ ಇಲ್ಲ. ಬಂದವಳೇ ಗ್ರೆಗ್‌ನನ್ನು ತಬ್ಬಿಕೊಂಡು ಕ್ಷಮಿಸು ಅನ್ನುತ್ತಾಳೆ. ಯಾಕೆ ಅಂತ ಅವಳಿಗೇ ಗೊತ್ತಿಲ್ಲ. ಆಮೇಲೆ ಒಳಗೆ ಹೋಗಿ ಮಲಗಿಬಿಡುತ್ತಾಳೆ.

ಮಗ ಎಲ್ಲಿ ಅಂತ ಕೇಳಿದರೆ ಶಾಲೆಯಲ್ಲಿ ಅನ್ನುತ್ತಾಳೆ. ಅತ್ತಿಗೆ ಅಲ್ಲೇ ಹಿಡಿದರು. "ಇವತ್ತು ಶನಿವಾರ ಅಂದಿದ್ದು ಕೇಳಿಸಲಿಲ್ಲವಾ? ಆ ಹೆಂಗಸು ಮಗುವನ್ನು ಎಲ್ಲಿ ಬಿಟ್ಟು ಬಂದಳು?" ನಾವಿಬ್ಬರೂ ಹಾಯಿ ನೋಡ್ತಾ ಕೂತಿದ್ದೆವು. ಇಡೀ ಸಿನಿಮಾದ ಬೀಗ ತೆಗೆಯುವ ಪ್ರಶ್ನೆ ಅದು. ಅತ್ತಿಗೆಗೆ ಹತ್ತನೇ ನಿಮಿಷಕ್ಕೇ ಸಿಕ್ಕಿತ್ತು.

ಇನ್ನು ಕಡಲಿನ ವಿಷಯ. ಸುಮಾರು ಹೊತ್ತು ಚೆನ್ನಾಗಿ ಓಡುತ್ತಿದ್ದ ದೋಣಿಗೆ ಇದ್ದಕ್ಕಿದ್ದಂತೆ ಗಾಳಿ ಬಿದ್ದುಹೋಗುತ್ತದೆ. ಹಾಯಿ ಸುಮ್ನೆ ಜೋತುಬೀಳುತ್ತದೆ. ನೀರು ಗಾಜಿನಂತೆ. ಅಣ್ಣ ಊಟದ ತಟ್ಟೆ ಕೆಳಗಿಟ್ಟು ನೋಡಿದ. "ಇದು ಸರಿಯಾಗಿದೆ. ತೂಫಾನಿಗೆ ಮುಂಚೆ ಹೀಗೇ ಆಗುವುದು" ಅಂದ. ಅವನ ಬಾಯಲ್ಲಿ ಸಿನಿಮಾಕ್ಕೆ ಹೊಗಳಿಕೆ ಬರುವುದು ಅಪರೂಪ. ವಯರ್‌ಲೆಸ್‌ನಲ್ಲಿ ಕೋಸ್ಟ್ ಗಾರ್ಡ್‌ಗೆ ಕರೆ ಮಾಡಿದರೆ ಅವರಿಗೆ ಅಲ್ಲೊಂದು ಬಿರುಗಾಳಿ ಇರುವುದೇ ಗೊತ್ತಿಲ್ಲ. ನಡುವೆ ಗರಗರ ಸದ್ದಿನಲ್ಲಿ ಯಾರೋ ಹೆಂಗಸು ಕಾಪಾಡಿ ಅಂತ ಅಳುವುದು ಕೇಳುತ್ತದೆ. ಅದು ಯಾರ ದನಿ ಅಂತ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ತೂಫಾನು ಬಂದ ಮೇಲೆ ಅಣ್ಣನ ಮೆಚ್ಚುಗೆ ಮುಗಿಯಿತು. ಅಲೆ, ಮೋಡ, ಮಿಂಚು ಎಲ್ಲ ಕಂಪ್ಯೂಟರಿನದು, ಮತ್ತು ಹಾಗೇ ಕಾಣುತ್ತದೆ. ದೋಣಿ ಮಗುಚಿ ಅಡಿಮೇಲಾಗಿ ತೇಲುತ್ತದೆ, ಉಳಿದವರು ಅದರ ಹೊಟ್ಟೆಯ ಮೇಲೆ ಹತ್ತಿ ಕೂರುತ್ತಾರೆ. ಇಂಥ ಹಾಯಿದೋಣಿಗಳ ಅಡಿಗೆ ಭಾರದ ಕೀಲ್ ಇಡುವುದೇ ಮಗುಚಿದರೂ ಮತ್ತೆ ಎದ್ದು ನಿಲ್ಲಲಿ ಅಂತ. ಇದು ಏಳುವ ಲಕ್ಷಣವೇ ಇಲ್ಲ. ಹೋಗಲಿ ಬಿಡಿ. ಅಷ್ಟರಲ್ಲಿ ದೊಡ್ಡದೊಂದು ಹಳೇ ಪ್ರಯಾಣಿಕರ ಹಡಗು ಪಕ್ಕಕ್ಕೇ ಬಂದು ಸೇರುತ್ತದೆ. ಅಷ್ಟು ದೊಡ್ಡ ಹಡಗು ಹೀಗೆ ಬಂದು ನಿಲ್ಲಬೇಕಾದರೆ ಎಷ್ಟು ದೂರದಿಂದ ವೇಗ ಇಳಿಸಬೇಕು ಅಂತ ಬಂದರಿನ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ಇದು ಹಡಗೇ ಅಲ್ಲ ಅಂತ ಅಲ್ಲಿಗೆ ನಮಗೂ ಗೊತ್ತಾಗಿರುತ್ತದೆ, ಆ ಲೆಕ್ಕ ಕೇಳಬಾರದು. ಅದರ ಹೆಸರು ಏಯೊಲಸ್. ಮೇಲೆ ಯಾರೋ ನಿಂತಿದ್ದ ಹಾಗೆ ಕಾಣುತ್ತದೆ. ಹತ್ತಿ ಹೋದರೆ ಒಬ್ಬರೂ ಇಲ್ಲ. ಊಟದ ಮನೆಯಲ್ಲಿ ಹಣ್ಣು, ತಿಂಡಿ ತಾಜಾ ಜೋಡಿಸಿಟ್ಟಿದೆ. ನಡೆದಾಡುವ ಓಣಿಯಲ್ಲಿ ಒಂದು ಕೀಲಿಕೈ ಗೊಂಚಲು ಬಿದ್ದಿದೆ. ಜೆಸ್‌ನ ಮನೆಯದೇ ಕೀಲಿಕೈ.

ಇಲ್ಲೊಂದು ಮಾತು. ಆ ಚಿಕ್ಕ ಹಾಯಿದೋಣಿಯ ಹೆಸರೇ ಟ್ರಯಾಂಗಲ್, ಅಂದರೆ ತ್ರಿಭುಜ. ಮಗುಚಿದ ದೋಣಿಯ ಮೇಲೆ ಆ ಹೆಸರು ಕಂಡಾಗ ಅಣ್ಣ ಎದ್ದು ಜಗಲಿಗೆ ಹೋದ. ಮಲ್ಪೆಯವರಿಗೆ ಕಾರಣ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. 2018ರ ಡಿಸೆಂಬರ್ 13ರಂದು ನಮ್ಮ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಡಿಸೆಂಬರ್ 15ರ ನಂತರ ಸಂಪರ್ಕ ಸಿಗಲಿಲ್ಲ. ಮುಂದಿನ ವರ್ಷದ ಮೇ ತಿಂಗಳಲ್ಲಿ ನೌಕಾಪಡೆಯವರು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿದರು. ಏಳು ಜನರೂ ಬರಲಿಲ್ಲ. ಸಿನಿಮಾ ಮಾಡಿದವರಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ, ಅವರ ಸಿನಿಮಾ ಒಂಬತ್ತು ವರ್ಷ ಮುಂಚಿನದು. ಆದರೂ ಅಣ್ಣ ವಾಪಸ್ ಬರುವವರೆಗೆ ನಾವು ಸಿನಿಮಾ ನಿಲ್ಲಿಸಿ ಕಾದೆವು.

ಬಂದ ಮೇಲೆ ಅವನು ಹೇಳಿದ ತಕರಾರು ನನಗೂ ಸರಿ ಅನಿಸಿತು. ತೂಫಾನಿನಲ್ಲಿ ಹೆದರ್ ಕೊಚ್ಚಿಹೋಗುತ್ತಾಳೆ. ಉಳಿದವರು ನಾಲ್ಕು ಸಲ ಹೆಸರು ಕೂಗುತ್ತಾರೆ, ಹಡಗಿನ ಮೇಲೆ ಒಂದೆರಡು ಸಲ ನೆನಪಿಸಿಕೊಳ್ಳುತ್ತಾರೆ, ಮುಗಿಯಿತು. ಎಂಜಿನ್ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಕೈಯಲ್ಲಿ ಒಂದು ನಟ್ ಉಳಿದರೆ ನನಗೆ ನಿದ್ದೆ ಬರುವುದಿಲ್ಲ. ಈ ಸಿನಿಮಾದಲ್ಲಿ ಉಳಿದ ನಟ್ ಹೆದರ್. ಬೇರೆ ಪ್ರತಿಯೊಂದನ್ನೂ ಅಷ್ಟು ಬಿಗಿಯಾಗಿ ಕೂರಿಸಿದ ನಿರ್ದೇಶಕ ಇವಳನ್ನು ಸುಮ್ನೆ ಕಡಲಿಗೆ ಬಿಟ್ಟಿದ್ದಾನೆ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಬಿಚ್ಚುತ್ತೇನೆ. ನೋಡಬೇಕು ಅಂತಿರುವವರು ಕೊನೆಯ ಎರಡು ಪ್ಯಾರಾಕ್ಕೆ ಹೋಗಿ.

ಹಡಗಿನಲ್ಲಿ ಮುಖಕ್ಕೆ ಗೋಣಿಚೀಲ ಹಾಕಿಕೊಂಡ ಒಬ್ಬರು ಬಂದೂಕು ಹಿಡಿದು ಒಬ್ಬೊಬ್ಬರನ್ನೇ ಮುಗಿಸುತ್ತಾರೆ. ಕೊನೆಗೆ ಉಳಿಯುವವಳು ಜೆಸ್. ಕಾದಾಡಿ ಆ ಮುಸುಕಿನವರನ್ನು ಕಡಲಿಗೆ ಕೆಡವುತ್ತಾಳೆ. ಉಸ್ಸಪ್ಪಾ ಅನ್ನುವಷ್ಟರಲ್ಲಿ ಕೆಳಗಿಂದ ಕೂಗು. ಬಗ್ಗಿ ನೋಡಿದರೆ ಮಗುಚಿದ ದೋಣಿ, ಅದರ ಮೇಲೆ ಅದೇ ಜನ, ಅವರ ನಡುವೆ ಇನ್ನೊಬ್ಬ ಜೆಸ್. ಮೊದಲು ಹಡಗಿನ ಮೇಲೆ ನಿಂತ ಹಾಗೆ ಕಂಡದ್ದು ಯಾರು ಅಂತ ಆಗ ಗೊತ್ತಾಗುತ್ತದೆ. ಎಲ್ಲರೂ ಸತ್ತರೆ ಮತ್ತೆ ದೋಣಿ ಬರುತ್ತದೆ. ಎಲ್ಲ ಮೊದಲಿಂದ. ಮುಸುಕಿನ ಒಳಗಿದ್ದದ್ದೂ ಅವಳೇ, ಒಂದು ಸುತ್ತು ಮುಂದೆ ಹೋದ ಜೆಸ್. ಇವರನ್ನೆಲ್ಲ ಕೊಂದರೆ ದೋಣಿ ಮತ್ತೆ ಬರುತ್ತದೆ, ಆಗ ಹತ್ತದಂತೆ ತಡೆದು ಮಗನ ಹತ್ತಿರ ಹೋಗಬಹುದು ಅನ್ನುವುದು ಅವಳ ಲೆಕ್ಕ.

ಇದನ್ನು ಬಾಯಲ್ಲಿ ಹೇಳಿದರೆ ತಲೆ ಕೆಡುತ್ತದೆ. ಸಿನಿಮಾ ಹೇಳುವುದಿಲ್ಲ, ತೋರಿಸುತ್ತದೆ. ಜೆಸ್‌ನ ಕುತ್ತಿಗೆಯ ಸರದ ಲಾಕೆಟ್ ಕಿತ್ತು ಕಂಬಿಯ ಸಂದಿಯಿಂದ ಕೆಳಗೆ ಬೀಳುತ್ತದೆ. ಬಗ್ಗಿ ನೋಡಿದರೆ ಅಲ್ಲಿ ಅಂಥದ್ದೇ ಲಾಕೆಟ್‌ಗಳ ಗುಡ್ಡೆ. ಒಂದು ಚೀಟಿ ಬರೆದು ನೋಡುತ್ತಾಳೆ, ನೆಲದ ತುಂಬ ಅದೇ ಕೈಬರಹದ ಚೀಟಿಗಳು. ಇನ್ನೊಂದು ಕಡೆ ಗಾಯಗೊಂಡ ಸ್ಯಾಲಿ ತೆವಳಿಕೊಂಡು ಹಡಗಿನ ತೆರೆದ ಅಟ್ಟದ ಮೇಲೆ ಬಂದು ಬೀಳುತ್ತಾಳೆ. ಅವಳ ಸುತ್ತ ಸ್ಯಾಲಿಯದೇ ಹೆಣಗಳ ರಾಶಿ, ಮೇಲೆ ಕಡಲಹಕ್ಕಿಗಳು. ಎಷ್ಟು ಸಲ ನಡೆದಿದೆ ಅಂತ ಯಾರೂ ಬಾಯಿ ಬಿಡಬೇಕಾಗಿಲ್ಲ. ಒಂದು ಮಾತಿಲ್ಲದೆ, ಸಂಗೀತ ಜೋರು ಮಾಡದೆ, ಹಾಡಹಗಲಿನಲ್ಲಿ ಇಷ್ಟು ಹೆದರಿಸಿದ ಬೇರೆ ದೃಶ್ಯ ನನಗೆ ನೆನಪಿಲ್ಲ. ಕತ್ತಲಲ್ಲಿ ಬಾಗಿಲು ಕಿರ್ ಅನ್ನಿಸಿ ಹೆದರಿಸುವವರು ಇದನ್ನು ನೋಡಬೇಕು. ರೇಡಿಯೊದಲ್ಲಿ ಅತ್ತ ಹೆಂಗಸು ಯಾರು ಅನ್ನುವುದೂ ಇಲ್ಲೇ ತಿಳಿಯುತ್ತದೆ.

ಆದರೆ ನಿಜವಾದ ಭಯ ಹಡಗಿನಿಂದ ಇಳಿದ ಮೇಲಿದೆ. ಸಮುದ್ರಕ್ಕೆ ಬಿದ್ದ ಜೆಸ್ ದಡ ಸೇರಿ ಮನೆಗೆ ಓಡುತ್ತಾಳೆ. ಕಿಟಕಿಯಿಂದ ನೋಡಿದರೆ ಒಳಗೆ ಬೆಳಗಿನ ಜೆಸ್, ಹೊರಡುವ ಗಡಿಬಿಡಿಯಲ್ಲಿ, ಬಣ್ಣ ಚೆಲ್ಲಿದ ಮಗನಿಗೆ ಬಯ್ದು ಹೊಡೆಯುತ್ತಿದ್ದಾಳೆ. ಸಿನಿಮಾದ ಶುರುವಿನಲ್ಲಿ ನಾವು ನೋಡಿದ್ದ ಪ್ರೀತಿಯ ತಾಯಿಯ ಹಿಂದೆ ಇದು ಇತ್ತು, ನಮಗೆ ತೋರಿಸಿರಲಿಲ್ಲ ಅಷ್ಟೇ. ಈ ಜೆಸ್ ಆ ಜೆಸ್‌ನನ್ನು ಸುತ್ತಿಗೆಯಿಂದ ಕೊಂದು ಕಾರಿನ ಡಿಕ್ಕಿಗೆ ಹಾಕುತ್ತಾಳೆ. ಇನ್ನು ಮುಂದೆ ಅಮ್ಮ ಹಾಗೆ ಮಾಡುವುದಿಲ್ಲ ಅಂತ ಮಗನಿಗೆ ಸಮಾಧಾನ ಹೇಳುತ್ತಾಳೆ. ದಾರಿಯಲ್ಲಿ ಒಂದು ಹಕ್ಕಿ ಗಾಜಿಗೆ ಬಡಿದು ಸಾಯುತ್ತದೆ. ಅದನ್ನು ಎಸೆಯಲು ಹೋದರೆ ಅಲ್ಲೂ ರಾಶಿ. ಮಗ ಹೆದರಿ ಕಿರುಚಿದಾಗ ಅವಳು ಮತ್ತೆ ರೇಗುತ್ತಾಳೆ. ಮಾತು ಕೊಟ್ಟು ಎಷ್ಟು ಹೊತ್ತಾಯಿತು? ಅತ್ತಿಗೆ ಆಗ ಒಂದೇ ಮಾತು ಅಂದರು: "ಇವಳನ್ನು ಹಡಗಿನಿಂದ ಇಳಿಸಿದ್ದೇ ತಪ್ಪು." ಅಷ್ಟರಲ್ಲಿ ಲಾರಿಗೆ ಡಿಕ್ಕಿ.

ಹಡಗಿನ ಹೆಸರು ಯಾಕೆ ಏಯೊಲಸ್ ಅಂತ ನಡುವೆ ಒಂದು ಸಲ ಹೇಳುತ್ತಾರೆ. ಗ್ರೀಕ್ ಪುರಾಣದಲ್ಲಿ ಏಯೊಲಸ್ ಅಂದರೆ ಸಿಸಿಫಸ್‌ನ ಅಪ್ಪ. ಬಂಡೆ ಬೆಟ್ಟದ ತುದಿಗೆ ತಳ್ಳುವುದು, ಅದು ಉರುಳಿ ಕೆಳಗೆ ಬರುವುದು, ಮತ್ತೆ ತಳ್ಳುವುದು, ಅದೇ ಸಿಸಿಫಸ್. ಅವನಿಗೆ ಆ ಶಿಕ್ಷೆ ಯಾಕೆ ಬಂತು ಅನ್ನುವುದು ಇಲ್ಲಿ ಮುಖ್ಯ. ಸತ್ತ ಮೇಲೆ ಏನೋ ನೆಪ ಹೇಳಿ, ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಭೂಮಿಗೆ ಬಂದವನು ಮತ್ತೆ ಹೋಗಲೇ ಇಲ್ಲ. ಈಗ ಅಪಘಾತದ ಜಾಗಕ್ಕೆ ಬನ್ನಿ. ರಸ್ತೆಯಲ್ಲಿ ಮಗ ಸತ್ತುಬಿದ್ದಿದ್ದಾನೆ, ಒಬ್ಬ ಜೆಸ್‌ನ ಹೆಣವೂ ಬಿದ್ದಿದೆ. ಇನ್ನೊಬ್ಬ ಜೆಸ್ ಒಂದು ಗೀರೂ ಇಲ್ಲದೆ ದೂರ ನಿಂತು ನೋಡುತ್ತಿದ್ದಾಳೆ. ಒಬ್ಬ ಟ್ಯಾಕ್ಸಿಯವನು ಬಂದು ಎಲ್ಲಿಗೆ ಬಿಡಲಿ ಅನ್ನುತ್ತಾನೆ. ಬಂದರಿನಲ್ಲಿ ಇಳಿಸಿ, ಮೀಟರ್ ಹಾಗೇ ಬಿಟ್ಟಿರುತ್ತೇನೆ, ವಾಪಸ್ ಬರ್ತೀರಲ್ವಾ ಅಂತ ಕೇಳುತ್ತಾನೆ. ಬರುತ್ತೇನೆ ಅನ್ನುತ್ತಾಳೆ. ಬರುವುದಿಲ್ಲ. ದೋಣಿ ಹತ್ತುತ್ತಾಳೆ. ಇಡೀ ಸಿನಿಮಾದಲ್ಲಿ ಯಾರಿಗಾದರೂ ದೆವ್ವ ಅನ್ನಬಹುದಾದರೆ ಆ ಟ್ಯಾಕ್ಸಿಯವನಿಗೆ ಅನ್ನಬೇಕು. ಎಷ್ಟು ಸಾದಾ ಮನುಷ್ಯ! ನಮ್ಮ ತುಳುವಿನ ಪಾಡ್ದನದ ಹಾಡುಗಳಲ್ಲಿ, ಭೂತದ ಕಥೆಗಳಲ್ಲಿ ಕೊಟ್ಟ ಮಾತು ತಪ್ಪಿದವರ ಪಾಡು ಏನಾಗುತ್ತದೆ ಅಂತ ಕೇಳಿ ಬೆಳೆದವರಿಗೆ ಈ ಭಾಗ ಬೇಗ ತಾಗುತ್ತದೆ.

ನನಗೆ ಇಷ್ಟವಾಗಿದ್ದು ಇದೇ. ಸಮಯ ಸುತ್ತು ಹೊಡೆಯುವ ಸಿನಿಮಾಗಳು ಬೇಕಾದಷ್ಟಿವೆ. ಹೆಚ್ಚಿನವು ಒಗಟು ಬಿಡಿಸಿದ ಮೇಲೆ ಖಾಲಿ. ಇಲ್ಲಿ ಒಗಟಿನ ಕೆಳಗೆ ಒಬ್ಬ ತಾಯಿ ಇದ್ದಾಳೆ. ಮಗನಿಗೆ ಹೊಡೆದ ತಪ್ಪು ಅವಳಿಗೆ ಗೊತ್ತಿದೆ, ಇನ್ನೊಂದು ಅವಕಾಶ ಸಿಕ್ಕರೆ ಸರಿ ಮಾಡುತ್ತೇನೆ ಅಂತ ನಂಬಿದ್ದಾಳೆ, ಅದಕ್ಕೇ ಎಷ್ಟು ಹೆಣ ಬಿದ್ದರೂ ನಿಲ್ಲುವುದಿಲ್ಲ. ಮೆಲಿಸ್ಸಾ ಜಾರ್ಜ್ ಈ ಪಾತ್ರ ಹೊತ್ತಿರುವ ರೀತಿಗೆ ಎಷ್ಟು ಹೇಳಿದರೂ ಕಡಿಮೆ. ಒಂದೇ ದೃಶ್ಯದಲ್ಲಿ ಏನೂ ಗೊತ್ತಿಲ್ಲದ ಜೆಸ್, ಅರ್ಧ ಗೊತ್ತಿರುವ ಜೆಸ್, ಎಲ್ಲ ಗೊತ್ತಿರುವ ಜೆಸ್ ಇದ್ದರೂ ಬಟ್ಟೆ ನೋಡದೆ, ಬರೀ ಕಣ್ಣು ನೋಡಿ ಯಾರು ಯಾರು ಅಂತ ಹೇಳಬಹುದು. ಉಳಿದ ಗೆಳೆಯರಿಗೆ ಇಂಥ ಅದೃಷ್ಟ ಇಲ್ಲ. ಡೌನಿ ಅಂದರೆ ಹೆಂಡತಿಯ ಮಾತು ಕೇಳುವವನು, ಅಷ್ಟೇ. ಗ್ರೆಗ್ ಒಳ್ಳೆಯವನು, ಅಷ್ಟೇ. ಅವರು ಸತ್ತಾಗ ನನಗೆ ಏನೂ ಅನಿಸಲಿಲ್ಲ, ಮೂರನೇ ಸಲ ಸತ್ತಾಗ ಮಾತ್ರ ಪಾಪ ಅನಿಸಿತು.

ನೋಡುವವರಿಗೆ ಎರಡು ಮಾತು. ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ. ರಕ್ತಕ್ಕಿಂತ ಮನೆಯೊಳಗಿನ ಹೊಡೆತ ಅವರಿಗೆ ಜಾಸ್ತಿ ಕಷ್ಟ. ಮೊಬೈಲ್ ಕೈಯಲ್ಲಿ ಹಿಡಿದುಕೊಂಡೂ ನೋಡಬೇಡಿ, ಗಡಿಯಾರ, ಕೀಲಿಕೈ, ಊಟದ ಮೇಜಿನ ಹಣ್ಣು ಎಲ್ಲಕ್ಕೂ ಲೆಕ್ಕ ಇದೆ. ಹಣ್ಣು ಒಮ್ಮೆ ತಾಜಾ, ಒಮ್ಮೆ ಕೊಳೆತದ್ದು, ಅದು ಯಾಕೆ ಅಂತ ನೋಡಿಕೊಳ್ಳಿ. ಮುಗಿದ ತಕ್ಷಣ ಮೊದಲ ಹತ್ತು ನಿಮಿಷ ಮತ್ತೆ ಹಾಕಿ. ಮನೆಯ ಬೆಲ್ ಆಗುತ್ತದೆ, ಜೆಸ್ ಬಾಗಿಲು ತೆಗೆದರೆ ಯಾರೂ ಇರುವುದಿಲ್ಲ. ಬೆಲ್ ಒತ್ತಿದ್ದು ಯಾರು ಅಂತ ಈಗ ನಿಮಗೆ ಗೊತ್ತಿರುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಂಪ್ಯೂಟರ್ ಅಲೆಗೆ ಅರ್ಧ, ಹೆದರ್‌ಗೆ ಅರ್ಧ ಕಳೆದೆ. ಅಣ್ಣ ಮೂರೇ ಅಂದ. ಲೈಫ್ ಜಾಕೆಟ್ ವಿಷಯದಲ್ಲಿ ಅವನು ಯಾರ ಮಾತೂ ಕೇಳುವುದಿಲ್ಲ.