ಲಾ ಕೂಪೋಲ್, ಪ್ಯಾರಿಸ್: ಊಟಕ್ಕಿಂತ ಆ ಹಾಲ್‌ಗೋಸ್ಕರ ಹೋಗಿ

ಪ್ಯಾರಿಸ್‌ಗೆ ಹೋಗೋರು ಯಾವ ಕೆಫೆಗೆ ಹೋಗ್ಲಿ ಅಂತ ಕೇಳಿದ್ರೆ ನಾನು ಹೇಳೋದು ಅಲ್ಲಿನ ಮೊಂಪಾರ್ನಾಸ್ ಬಡಾವಣೆಯ ಲಾ ಕೂಪೋಲ್. ಮೆಟ್ರೋ ನಾಲ್ಕನೇ ಲೈನಲ್ಲಿ ವಾವಾಂ ಸ್ಟೇಷನ್‌ಗೆ ಇಳಿದ್ರೆ ಅಲ್ಲೇ ಹತ್ರ.

ಇದು ಶುರುವಾಗಿದ್ದು 1927ರ ಡಿಸೆಂಬರ್ 20ಕ್ಕೆ. ಫ್ರೋ ಮತ್ತು ಲಾಫೋಂ ಅಂತ ಇಬ್ರು, ಪಕ್ಕದ ಲೆ ಡೋಮ್ ಕೆಫೆ ನಡೆಸ್ತಿದ್ದೋರು, ಅದು ಕೈತಪ್ಪಿ ಹೋದ್ಮೇಲೆ ಅದೇ ರಸ್ತೆಯಲ್ಲಿ ಸೌದೆ ಇದ್ದಿಲು ಮಾರೋ ಜಾಗ ಹಿಡಿದು ಇಷ್ಟು ದೊಡ್ಡ ಹಾಲ್ ಕಟ್ಟಿಸಿದ್ರು. ಓಪನಿಂಗ್ ರಾತ್ರಿ 1,200 ಬಾಟಲ್ ಶಾಂಪೇನ್ ಸಾಲ್ಲಿಲ್ಲ ಅಂತಾರೆ. ಅಷ್ಟೊಂದು ಜನ ಎಲ್ಲಿಂದ ಬಂದ್ರು ಅಂದ್ರೆ, ಮೊದಲನೇ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರ್‌ಗೆ ಐದು ಫ್ರಾಂಕ್ (ಆಗಿನ ಫ್ರಾನ್ಸ್ ದುಡ್ಡು) ಚಿಲ್ರೆ ಸಿಗ್ತಿತ್ತು, 1927ಕ್ಕೆ ಸುಮಾರು 25 ಸಿಗ್ತಿತ್ತು, ಅಂದ್ರೆ ಡಾಲರ್ ಇದ್ದೋರಿಗೆ ಪ್ಯಾರಿಸ್ ಅಗ್ಗ, ಜೊತೆಗೆ ಅಮೆರಿಕಾದಲ್ಲಿ ಆಗ ಪಾನನಿಷೇಧ, ಹಾಗಾಗಿ ಅಲ್ಲಿನ ಬರೆಯೋರು, ಚಿತ್ರ ಬಿಡಿಸೋರು, ಸುಮ್ನೆ ತಿರುಗೋರು ಎಲ್ಲ ಇಲ್ಲಿಗೇ ಬಂದು ಸೇರ್ಕೊಂಡ್ರು, ರಷ್ಯಾ, ಪೋಲೆಂಡ್‌ನಿಂದ ಬಂದೋರಂತೂ ಮೊದ್ಲಿಂದನೂ ಇದ್ರು.

ಗೈಡ್‌ಗಳು ನರ್ತಕಿ ಜೋಸೆಫಿನ್ ಬೇಕರ್, ಫೋಟೋಗ್ರಾಫರ್ ಮ್ಯಾನ್ ರೇ, ಶಿಲ್ಪಿ ಜಿಯಾಕೊಮೆತ್ತಿ ಅಂತ ಹೆಸರು ಹೇಳ್ತಾ ಹೋಗ್ತಾರೆ. ಕವಿ ಆರಾಗೋಂ ಲೇಖಕಿ ಎಲ್ಸಾ ತ್ರಿಯೋಲೆಯನ್ನ ಭೇಟಿಯಾಗಿದ್ದು 1928ರ ನವೆಂಬರಲ್ಲಿ ಇದೇ ಹಾಲಲ್ಲಿ, ಆಮೇಲೆ ಜೀವನಪೂರ್ತಿ ಜೊತೆಗಿದ್ರು. ಆದ್ರೆ ನನಗೆ ಇಷ್ಟ ಆಗೋದು ಹೆಸರು ಉಳೀದೇ ಇರೋ ಜನರ ಕಥೆ. ಬಾಡಿಗೆ ರೂಮಲ್ಲಿ ಚಳಿ ತಡೆಯೋಕಾಗಲ್ಲ, ಕರೆದ್ರೆ ಬರೋ ನೆಂಟರಿಲ್ಲ, ಊರಿಗೆ ವಾಪಸ್ ಹೋಗೋ ಹಾಗಿಲ್ಲ. ಅಂಥೋರಿಗೆ ಒಂದು ಕಾಫಿ ದುಡ್ಡಲ್ಲಿ ಗಂಟೆಗಟ್ಲೆ ಬೆಚ್ಚಗೆ ಕೂರೋಕೆ ಜಾಗ, ಕೆಲಸದ ಸುದ್ದಿ, ಸಾಲ, ಜಗಳ, ಪ್ರೀತಿ ಎಲ್ಲ ಈ ಕೆಫೆಗಳಲ್ಲೇ. ಇದೇ ಬೀದೀಲಿರೋ ಲಾ ರೊತೋಂದ್ ಕೆಫೆಯ ಮಾಲೀಕ ಲಿಬಿಯೋಂ ಮೊದಲ ಯುದ್ಧದ ಸಮಯದಲ್ಲೇ ಕಾಸಿಲ್ಲದ ಪೇಂಟರ್‌ಗಳ ಹತ್ರ ಬಿಲ್ ಬದಲು ಚಿತ್ರ ಇಸ್ಕೊಳ್ತಿದ್ದ. ನಾವು ಕೆಫೆ ಅಂದ್ರೆ ಫ್ಯಾಷನ್ ಅಂದ್ಕೊಂಡಿದೀವಿ, ಆ ಜನಕ್ಕೆ ಅದು ಮನೆಯೇ ಆಗಿತ್ತು.

ಒಳಗೆ ಹೋದ ತಕ್ಷಣ ಮೆನು ಬಿಟ್ಟು ಕಂಬ ನೋಡಿ! ಆ ಕಾಲದ ಮೊಂಪಾರ್ನಾಸ್ ಕಲಾವಿದರು ಬಿಡಿಸಿದ ಚಿತ್ರಗಳು ಕಂಬದ ಮೇಲ್ಭಾಗದಲ್ಲಿವೆ, ಒಂದೊಂದ್ರದ್ದೂ ಒಂದೊಂದು ಕೈ. ಮಧ್ಯದ ಗುಮ್ಮಟದ ಚಿತ್ರ ಮಾತ್ರ ಹೊಸದು, 2008ರಲ್ಲಿ ಮಾಡಿದ್ದು, ಎರಡನ್ನೂ ಒಂದೇ ಕಾಲದ್ದು ಅಂದ್ಕೋಬೇಡಿ. ನೆಲಮಾಳಿಗೆಯಲ್ಲಿ ಡಾನ್ಸ್ ಹಾಲ್ ಇತ್ತು, ಟ್ಯಾಂಗೋ, ಜಾಝ್ ಎಲ್ಲ ಅಲ್ಲೇ. ನಾನೂರಕ್ಕೂ ಹೆಚ್ಚು ಜನ ಕೂರೋ ಹಾಲ್ ಆದ್ರೂ ಪಕ್ಕದ ಟೇಬಲ್‌ನೋರ ಮಾತು ಕಿವಿಗೆ ಬೀಳ್ತಾನೇ ಇರುತ್ತೆ, ಅದೇ ಇದರ ಮಜಾ, ಏಕಾಂತ ಬೇಕಾದೋರು ಬೇರೆ ಕಡೆ ಹೋಗಿ.

ತಿನ್ನೋ ವಿಷಯಕ್ಕೆ ಬಂದ್ರೆ, ಇಲ್ಲಿ ಕುರಿಮರಿ ಕರ್ರಿ ಫೇಮಸ್ಸು, ನಮ್ಮ ದೇಶದ ಹೆಸರಲ್ಲೇ ಮೆನುವಿನಲ್ಲಿದೆ, 1927ರಿಂದಲೂ ಇದೆ ಅಂತಾರೆ. ಟ್ರಾಲಿ ತಳ್ಕೊಂಡು ಬಂದು ಟೇಬಲ್ ಹತ್ರನೇ ಬಡಿಸ್ತಾರೆ. ಮನೆ ಸಾರಿನ ಖಾರ ಹುಡುಕೋಕೆ ಹೋಗ್ಬೇಡಿ, ಮೆದು, ಸ್ವಲ್ಪ ಸಿಹಿ, ಆ ಕಾಲದ ಫ್ರೆಂಚರು ಭಾರತವನ್ನ ಹಿಂಗೆ ರುಚಿ ನೋಡಿದ್ರಾ ಅಂತ ತಿಂದ್ರೆ ಖುಷಿಯಾಗುತ್ತೆ. ಮಾಂಸ ಮೀನು ತಿನ್ನದೋರಿಗೆ ಆಯ್ಕೆ ಕಮ್ಮಿ, ಮೊದ್ಲೇ ಮೆನು ನೋಡ್ಕೊಳ್ಳಿ. ರಾತ್ರಿ ಊಟ ಜೇಬಿಗೆ ಭಾರ ಅನ್ಸೋರು ಮಧ್ಯಾಹ್ನ ಮೂರರ ಮೇಲೆ ಹೋಗಿ ಬರೀ ಕಾಫಿ ಹೇಳಿ, ಆಗ ರಶ್ ಇರಲ್ಲ, ಕಂಬ ಕಂಬಾನೂ ನಿಂತು ನೋಡ್ಬಹುದು.

ರೇಟಿಂಗ್: ಹಾಲ್‌ಗೆ ಐದಕ್ಕೆ ಐದು, ಊಟಕ್ಕೆ ಮೂರೂವರೆ.